ಹಿಂದಿನ ಕೋಣೆಗೆ ನೂರು ಗುಂಡಿ

ಹಿಂದಿನ ಕೋಣೆಯಲ್ಲಿ ಹದಿನಾಲ್ಕು ವರ್ಷ ಬಾಡಿಗೆಗಿದ್ದ ಗಡಿಯಾರ ರಿಪೇರಿಯವನು ಗಂಟುಮೂಟೆ ಕಟ್ಟಿ ತಂಗಿಯ ಮನೆಗೆ ಹೊರಟುಹೋದ ದಿನದಿಂದ ತಕ್ಕಡಿ ಸಾಹೇಬರಿಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಅವನ ಮೇಲಿನ ಮಮತೆಯಿಂದಲ್ಲ, ಕೋಣೆಯ ಮೇಲಿನ ಮಮತೆಯಿಂದ.

ಸಾಹೇಬರು ಅಂದರೆ ದೊಡ್ಡ ಅಧಿಕಾರಿ ಏನಲ್ಲ. ಅಂಗಡಿ ಅಂಗಡಿಗೆ ಹೋಗಿ ತೂಕದ ಬಟ್ಟು ಸರಿಯಿದೆಯೇ, ಬಟ್ಟೆ ಅಳೆಯುವ ಕೋಲು ಗಿಡ್ಡವಾಗಿಲ್ಲವೇ ಎಂದು ನೋಡಿ ಮೊಹರು ಒತ್ತುವ ಪರೀಕ್ಷಕರು. ಮೂವತ್ತಮೂರು ವರ್ಷ ಅದನ್ನೇ ಮಾಡಿ ಮಾಡಿ ಬೀದಿಯವರೆಲ್ಲ ಅವರನ್ನು ತಕ್ಕಡಿ ಸಾಹೇಬರು ಅಂತಲೇ ಕರೆಯುತ್ತಿದ್ದರು. ಅವರ ನೆರಳು ಕಂಡರೆ ಸಾಕು, ಅಂಗಡಿಯವರು ತಕ್ಕಡಿಯ ತಟ್ಟೆ ಒರೆಸಿ, ಮುಖವನ್ನೂ ಒರೆಸಿಕೊಂಡು ನಿಲ್ಲುತ್ತಿದ್ದರು. ಮನೆಯಲ್ಲಿ ಮಾತ್ರ ಅವರ ಮೊಹರಿಗೆ ಬೆಲೆ ಇರಲಿಲ್ಲ.

ಮುಂದಿನ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಆಮೇಲೆ ಹಗಲೆಲ್ಲ ಮನೆಯಲ್ಲೇ ಇರಬೇಕು. ಇರುವುದಾದರೂ ಎಲ್ಲಿ? ಹಜಾರದಲ್ಲಿ. ಅಲ್ಲಿ ಕಿಟಕಿಯ ಪಕ್ಕ ಅವರ ಆರಾಮ ಕುರ್ಚಿ, ಕುರ್ಚಿಯ ಮುಂದೆ ಅವರ ಮೇಜು, ಮೇಜಿನ ನೆತ್ತಿಗೆ ಸರಿಯಾಗಿ ಮನೆಯ ಒಂದೇ ಒಂದು ಒಳ್ಳೆಯ ಫ್ಯಾನು. ಇಷ್ಟಿದ್ದೂ ಸಾಹೇಬರಿಗೆ ಅದು ಸಂತೆ ಅನ್ನಿಸುತ್ತಿತ್ತು. ಊಟದ ಮನೆಯ ಬಾಗಿಲಲ್ಲಿ ಹೆಂಡತಿಯ ಹೊಲಿಗೆ ಯಂತ್ರ ಕಟಕಟ ಅನ್ನುತ್ತಿತ್ತು. ನರ್ಸಿಂಗ್ ಓದುವ ಮಗಳು ನೆಲದ ಮೇಲೆ ಬೋರಲು ಮಲಗಿ ಮೈಯ ಇನ್ನೂರ ಆರು ಎಲುಬುಗಳ ಹೆಸರನ್ನೂ ಗಟ್ಟಿಯಾಗಿ ಉರು ಹೊಡೆಯುತ್ತಿದ್ದಳು. ಎಂಬತ್ತೆರಡರ ತಾಯಿ ಮೂಲೆಯ ಚಾಪೆಯಲ್ಲಿ ಕೂತು, ಕಾಣದ ಬೀದಿಯಲ್ಲಿ ಯಾರು ಹೋದರು, ಯಾರು ಬಂದರು ಎಂದು ಕೇಳುತ್ತಲೇ ಇರುತ್ತಿದ್ದರು.

"ನನಗೂ ಒಂದು ಏಕಾಂತ ಬೇಡವೇ?" ಎಂದು ಸಾಹೇಬರು ತಮ್ಮಷ್ಟಕ್ಕೆ ಕೇಳಿಕೊಂಡರು. ಬೇಕು ಅನ್ನುವ ಉತ್ತರವೂ ತಮ್ಮಿಂದಲೇ ಬಂತು.

ಒಂದು ಭಾನುವಾರ ಬೆಳಿಗ್ಗೆ ಅಳತೆ ಪಟ್ಟಿ ಹಿಡಿದು, ಯಾರಿಗೂ ಹೇಳದೆ, ಹಿಂದಿನ ಕೋಣೆಯ ತಪಾಸಣೆಗೆ ಹೋದರು. ಉದ್ದ ಒಂಬತ್ತಡಿ ನಾಲ್ಕಂಗುಲ, ಅಗಲ ಎಂಟಡಿ. ಗೋಡೆ ನೆಟ್ಟಗಿತ್ತು. ನೆಲ ಬಾಗಿಲ ಕಡೆಗೆ ಅರ್ಧ ಅಂಗುಲ ಇಳಿಜಾರು, ಅದನ್ನು ಕ್ಷಮಿಸಬಹುದು. ಕೊನೆಗೆ ಕೋಣೆಯ ನಟ್ಟನಡುವೆ ಕಣ್ಣು ಮುಚ್ಚಿ ನಿಂತರು. ಒಂದು ಸದ್ದಿಲ್ಲ! ಗೋಡೆಯ ಮೇಲೆ ಇರುವೆ ನಡೆದರೂ ಅದರ ಹೆಜ್ಜೆ ಎಣಿಸಬಹುದು. ಸಾಹೇಬರ ಕಣ್ಣಲ್ಲಿ ನೀರು ತುಂಬಿತು.

ಆದರೆ 'ಕೋಣೆ ನನಗೆ ಬೇಕು' ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಯಾಕೆ ಅನ್ನುತ್ತಾಳೆ ಹೆಂಡತಿ. (ಮದುವೆಯಾದಂದಿನಿಂದ ಅವಳ ಆ ಒಂದು ಪ್ರಶ್ನೆಗೆ ಸಾಹೇಬರು ಒಮ್ಮೆಯೂ ಉತ್ತರ ಕೊಟ್ಟು ಬಚಾವಾದದ್ದಿಲ್ಲ.) ಆಗ ಅವರಿಗೆ ಕಚೇರಿಯ ನೆನಪಾಯಿತು. ಕಚೇರಿಗೆ ಹೊಸ ತಕ್ಕಡಿ ಕೊಳ್ಳುವಾಗ ದೊಡ್ಡ ಸಾಹೇಬರು ಒಂದು ಪಟ್ಟಿ ಮಾಡಿಸಿದ್ದರು. ನಿಖರತೆಗೆ ಇಷ್ಟು ಅಂಕ, ಬಾಳಿಕೆಗೆ ಇಷ್ಟು, ಬೆಲೆಗೆ ಇಷ್ಟು. ಯಾವ ಗುಣ ಎಷ್ಟು ಮುಖ್ಯವೋ ಅದಕ್ಕೆ ಅಷ್ಟು ತೂಕ. ಅಂಕವನ್ನು ತೂಕದಿಂದ ಗುಣಿಸಿ, ಎಲ್ಲ ಕೂಡಿಸಿ, ಯಾರದು ಹೆಚ್ಚೋ ಅವರು ಗೆದ್ದರು. ಜಗಳ ಇಲ್ಲ, ಮುನಿಸಿಲ್ಲ. ಎಲ್ಲಕ್ಕಿಂತ ದೊಡ್ಡ ಲಾಭ ಏನೆಂದರೆ, ದೊಡ್ಡ ಸಾಹೇಬರಿಗೆ ಯಾವ ತಕ್ಕಡಿ ಬೇಕಿತ್ತೋ ಅದೇ ಬಂದಿತ್ತು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಹಿಂದಿನ ಕೋಣೆ ಖಾಲಿ ಬಿದ್ದಿದೆ. ಯಾರಿಗೆ ಕೊಡೋಣ ಅಂತ ಒಂದು ತೀರ್ಮಾನಕ್ಕೆ ಬರ್ಬೇಕು."

"ಯಾಕೆ, ನಿಮಗೆ ಬೇಕಾ?" ಎಂದಳು ಹೆಂಡತಿ. ಒಂದೇ ಏಟು.

"ಛೆ ಛೆ! ನನಗೇನು? ನಾನು ಎಲ್ಲಿ ಬಿದ್ರೂ ಆಯ್ತು. ನ್ಯಾಯವಾಗಿ ಆಗ್ಬೇಕು ಅಷ್ಟೆ. ನಿನಗೂ ಹೊಲಿಗೆಗೆ ಜಾಗ ಸಾಲ್ತಿಲ್ಲ. ಮಗಳಿಗೆ ಓದಿಗೆ ಜಾಗ ಇಲ್ಲ. ಅಮ್ಮನಿಗೆ ಕಾಲು ಚಾಚೋಕೆ ಜಾಗ ಇಲ್ಲ. ಎಲ್ಲರ ಹೆಸರೂ ಪಟ್ಟಿಗೆ ಹಾಕೋಣ. ಲೆಕ್ಕಕ್ಕಿರಲಿ ಅಂತ ನನ್ನದೂ ಒಂದು ಹೆಸರು."

"ಲೆಕ್ಕಕ್ಕಿರಲಿ ಅಂತ," ಎಂದರು ತಾಯಿ, ಅನ್ನ ಕಲಸುತ್ತಾ.

ಮೂವರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಸಾಹೇಬರು ಅದನ್ನು ಒಪ್ಪಿಗೆ ಎಂದು ಬರೆದುಕೊಂಡರು.

ಊಟ ಮುಗಿದ ಮೇಲೆ ಸಭೆ ಸೇರಿತು. ಸಾಹೇಬರು ಕಾಗದದ ಮೇಲೆ ನಾಲ್ಕು ಗುಣಗಳನ್ನು ಬರೆದರು: ಸದ್ದು, ಹೊತ್ತು, ತುರ್ತು, ವಯಸ್ಸು. ಯಾರ ಸದ್ದು ಎಷ್ಟು, ದಿನಕ್ಕೆ ಎಷ್ಟು ಹೊತ್ತು ಕೋಣೆ ಬೇಕು, ಎಷ್ಟು ತುರ್ತಾಗಿ ಬೇಕು, ವಯಸ್ಸು ಎಷ್ಟು.

"ಇವುಗಳಲ್ಲಿ ಯಾವುದು ಎಷ್ಟು ಮುಖ್ಯ ಅಂತ ಒಬ್ಬೊಬ್ಬರೂ ಅಂಕಿ ಬರೀಬೇಕು," ಎಂದರು.

"ನನಗೆ ಬರೆಯೋಕೆ ಬರಲ್ಲ ಕಣೋ. ಎಣಿಸೋಕೆ ಬರುತ್ತೆ," ಎಂದರು ತಾಯಿ.

ಹೆಂಡತಿ ಎದ್ದು ಹೋಗಿ ಗುಂಡಿಯ ಡಬ್ಬಿ ತಂದಳು. ಅಂಗಿಯ ಬಿಳಿ ಗುಂಡಿ ನೂರು ಎಣಿಸಿ, ಒಬ್ಬೊಬ್ಬರಿಗೆ ಇಪ್ಪತ್ತೈದು ಹಂಚಿದಳು. ನಾಲ್ಕು ಬಟ್ಟಲು ಇಟ್ಟರು. ಸದ್ದಿನ ಬಟ್ಟಲಿಗೆ ಗುರುತಾಗಿ ಹತ್ತಿ, ಹೊತ್ತಿನದಕ್ಕೆ ಕೈಗಡಿಯಾರ, ತುರ್ತಿಗೆ ಕತ್ತರಿ, ವಯಸ್ಸಿಗೆ ಅಜ್ಜಿಯ ಕನ್ನಡಕ. ಯಾವ ಗುಣ ಮುಖ್ಯವೋ ಅದರ ಬಟ್ಟಲಿಗೆ ಹೆಚ್ಚು ಗುಂಡಿ. ಸಾಹೇಬರಿಗೆ ಮನಸ್ಸಿನಲ್ಲೇ ಮೆಚ್ಚುಗೆ ಆಯಿತು. ಇಲಾಖೆಯಲ್ಲೂ ಇಷ್ಟು ಚೊಕ್ಕವಾಗಿ ಮಾಡಿರಲಿಲ್ಲ.

ಅವರ ಉಪಾಯ ಸರಳವಾಗಿತ್ತು. ಹೊಲಿಗೆ ಯಂತ್ರಕ್ಕೆ ಸದ್ದಿದೆ, ಮಗಳ ಬಾಯಿಗೆ ಸದ್ದಿದೆ, ತಾಯಿಯ ಪ್ರಶ್ನೆಗಳಿಗೆ ಸದ್ದಿದೆ. ಸದ್ದಿಲ್ಲದ ಪ್ರಾಣಿ ಮನೆಯಲ್ಲಿ ಒಂದೇ, ಅದು ತಾವು. ಸದ್ದಿಲ್ಲದವರಿಗೆ ಪೂರ್ತಿ ಅಂಕ ಕೊಟ್ಟು, ಸದ್ದಿನ ಬಟ್ಟಲಿಗೆ ತೂಕ ತುಂಬಿಬಿಟ್ಟರೆ ಕೋಣೆ ಕೈಸೇರಿದ ಹಾಗೇ. ಸಾಹೇಬರು ಇಪ್ಪತ್ತೆರಡು ಗುಂಡಿ ಹತ್ತಿಯ ಬಟ್ಟಲಿಗೆ ಸುರಿದರು. ತಾಯಿಯ ಮರ್ಯಾದೆಗೆ ಅಂತ ಮೂರು ಗುಂಡಿ ಕನ್ನಡಕದ ಬಟ್ಟಲಿಗೆ.

ಹೆಂಡತಿ ಅವರನ್ನೊಮ್ಮೆ ನೋಡಿ, ಇಪ್ಪತ್ತೈದನ್ನೂ ಹತ್ತಿಯ ಬಟ್ಟಲಿಗೆ ಹಾಕಿದಳು. ತಾಯಿ ಒಂದೊಂದಾಗಿ, ಗಟ್ಟಿಯಾಗಿ ಎಣಿಸುತ್ತಾ, ಇಪ್ಪತ್ತೈದನ್ನೂ ಅಲ್ಲಿಗೇ. ಮಗಳು ಪರೀಕ್ಷೆಯ ತುರ್ತಿಗೆ ಐದು ಉಳಿಸಿಕೊಂಡು ಇಪ್ಪತ್ತನ್ನು ಅಲ್ಲಿಗೆ. ಕೈಗಡಿಯಾರದ ಬಟ್ಟಲಿಗೆ ಒಂದು ಗುಂಡಿಯೂ ಬೀಳಲಿಲ್ಲ.

"ತೊಂಬತ್ತೆರಡು!" ಎಂದರು ಸಾಹೇಬರು. ಸಂತೋಷ ಮುಚ್ಚಿಡಲಾರದೆ ಮೀಸೆ ಕುಣಿಯಿತು. "ಇಂಥ ಒಮ್ಮತ ನಮ್ಮ ಮನೇಲಿ ಯಾವತ್ತಾದ್ರೂ ಇತ್ತಾ? ಎಲ್ಲರಿಗೂ ಶಾಂತಿ ಬೇಕು ಅಂತಾಯ್ತು. ಸರಿ, ಯಾರು ಕಡಿಮೆ ಸದ್ದು ಮಾಡ್ತಾರೋ ಅವರಿಗೆ ಹತ್ತಕ್ಕೆ ಹತ್ತು."

"ತಡಿಯೋ," ಎಂದರು ತಾಯಿ. "ಸದ್ದೇ ಮಾಡದವನಿಗೆ ಬೇರೆ ಕೋಣೆ ಯಾಕೆ? ಅವನು ಎಲ್ಲಿದ್ರೂ ಯಾರಿಗೂ ತೊಂದರೆ ಇಲ್ಲ. ಸದ್ದು ಮಾಡೋರನ್ನ ಅಲ್ವಾ ಆಚೆಗೆ ಕಳಿಸ್ಬೇಕಾದ್ದು?"

"ಅಜ್ಜಿ ಹೇಳೋದು ಸರಿ ಅಪ್ಪಾ. ಕೆಮ್ಮೋ ರೋಗಿನ ಬೇರೆ ವಾರ್ಡಿಗೆ ಹಾಕ್ತಾರೆ, ಚೆನ್ನಾಗಿರೋರನ್ನಲ್ಲ."

"ಅಂದ್ರೆ, ಹೆಚ್ಚು ಸದ್ದಿಗೆ ಹೆಚ್ಚು ಅಂಕ?"

"ಹೌದು. ಯಾರು ಯಾರು ಒಪ್ತೀರಿ?" ಎಂದಳು ಹೆಂಡತಿ. ಮೂರು ಕೈ ಮೇಲೆದ್ದವು.

ಸಾಹೇಬರು ಎತ್ತಿದ ಕೈಗಳನ್ನು ಎರಡು ಸಲ ಎಣಿಸಿದರು. ಕೋಣೆ ಹೊಲಿಗೆ ಯಂತ್ರದ ಪಾಲಾಯಿತು ಅಂದುಕೊಂಡರು. ಸಪ್ಪಗಿನ ದನಿಯಲ್ಲಿ, "ಸರಿ, ಯಂತ್ರಕ್ಕೆ ಎಷ್ಟು?" ಎಂದರು.

"ನಾಲ್ಕು," ಎಂದರು ತಾಯಿ. "ಕಾಲಾಡಿಸಿದಾಗ ಮಾತ್ರ ಸದ್ದು. ಹೊಲಿದು ಮುಗಿದ್ರೆ ಸುಮ್ಮನಾಗುತ್ತೆ."

ಮಗಳಿಗೆ ಐದು. ತಾಯಿಗೆ ಎರಡು.

"ಇನ್ನು ಅಪ್ಪನಿಗೆ," ಎಂದಳು ಮಗಳು.

"ನನಗೆ ಸೊನ್ನೆ ಹಾಕ್ಕೊಳ್ಳಿ. ನಾನೆಲ್ಲಿ ಸದ್ದು ಮಾಡ್ತೀನಿ?"

ಮೂವರೂ ಪಟ್ಟಿ ಬಿಟ್ಟು ಅವರನ್ನೇ ನೋಡಿದರು. ಆಮೇಲೆ ಹೆಂಡತಿ ಬೆರಳು ಮಡಚತೊಡಗಿದಳು. "ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಆ ಗಂಟಲು. ಪಕ್ಕದ ಮನೆಯವರು ಅಲಾರಮ್ಮೇ ಇಟ್ಕೊಳ್ಳಲ್ಲ, ನಿಮ್ಮ ಗಂಟಲಿಗೇ ಏಳ್ತಾರೆ."

"ಪೇಪರ್ ಓದೋದು," ಎಂದಳು ಮಗಳು. "ಮನಸ್ಸಲ್ಲಿ ಓದ್ಕೊಳ್ಳಲ್ಲ. ಮದುವೆ ಜಾಹೀರಾತೂ ಬಿಡದೆ ನಮಗೆಲ್ಲ ಓದಿ ಹೇಳೋದು. ಆಮೇಲೆ ಅದಕ್ಕೆ ಭಾಷಣ."

"ರೇಡಿಯೋ ಜೊತೆ ಜಗಳ," ಎಂದರು ತಾಯಿ. "ಅದು ತಿರುಗಿ ಮಾತಾಡಲ್ಲ, ಪಾಪ."

"ಗೊರಕೆ."

"ಆ ಚಪ್ಪಲಿ ಎಳೆಯೋದು."

ಸಾಹೇಬರಿಗೆ ಮೊದಲು ಅವಮಾನವಾಯಿತು. ನಂತರ ಸಿಟ್ಟು ಬಂತು. ಬಾಯಿ ತೆರೆಯುವಷ್ಟರಲ್ಲಿ ಕಣ್ಣು ಪಟ್ಟಿಯ ಮೇಲೆ ಬಿತ್ತು. ಮಗಳು ಅವರ ಹೆಸರಿನ ಮುಂದೆ ಏಳು ಬರೆದಿದ್ದಳು, ಅದನ್ನು ಹೊಡೆದು ಎಂಟು ಮಾಡುತ್ತಿದ್ದಳು. ಎಂಟನ್ನು ತೊಂಬತ್ತೆರಡರಿಂದ ಗುಣಿಸಿದರೆ ಎಷ್ಟು ಎಂದು ಸಾಹೇಬರ ತಲೆ ತಾನಾಗಿ ಲೆಕ್ಕ ಹಾಕಿತು. ಮುಖದ ಮೇಲೆ ಅವಮಾನ ಹಾಗೇ ಇತ್ತು, ಒಳಗೆ ಆಸೆ ಮಾತ್ರ ಒಂದು ಮೆಟ್ಟಿಲು ಹತ್ತಿತು.

"ಮತ್ತೆ," ಎಂದರು ಮೆಲ್ಲಗೆ, "ನನ್ನ ಸೀನು ಮರ್ತುಬಿಟ್ರಲ್ಲ?"

"ಅಯ್ಯೋ ಹೌದು! ಒಂದೇ ಸಮ ಏಳು ಸೀನು!"

"ಒಂಬತ್ತು," ಎಂದು ಸಾಹೇಬರು ತಿದ್ದಿದರು. "ಚಳಿಗಾಲದಲ್ಲಿ ಒಂಬತ್ತು. ಫೋನಿನಲ್ಲಿ ಮಾತಾಡುವಾಗಲೂ ನನ್ನ ದನಿ ಸ್ವಲ್ಪ ದೊಡ್ಡದು ಅಂತ ಕಚೇರಿಯಲ್ಲೂ ಅಂತಾರೆ. ನೀವು ಸಂಕೋಚ ಪಟ್ಕೋಬೇಡಿ."

ಯಾರೂ ಸಂಕೋಚ ಪಡಲಿಲ್ಲ. ಹತ್ತಕ್ಕೆ ಹತ್ತು. ಎಲ್ಲ ಗುಣಿಸಿ ಕೂಡಿಸಿದಾಗ ಸಾವಿರಕ್ಕೆ ಮಗಳಿಗೆ ಐನೂರ ಹದಿಮೂರು, ಹೆಂಡತಿಗೆ ನಾನೂರ ಹದಿಮೂರು, ತಾಯಿಗೆ ಇನ್ನೂರ ಇಪ್ಪತ್ತೊಂಬತ್ತು. ಸಾಹೇಬರಿಗೆ ಒಂಬೈನೂರ ನಲವತ್ತಮೂರು! ಅವರು ಶಾಲೆಯಲ್ಲೂ ಅಷ್ಟು ಅಂಕ ಕಂಡವರಲ್ಲ. ಕಾಗದದ ಕೆಳಗೆ ರುಜು ಹಾಕಿ, ತಾರೀಖು ಬರೆದು, ಅದನ್ನು ಹಿಂದಿನ ಕೋಣೆಯ ಬಾಗಿಲಿಗೆ ಅಂಟಿಸಿದರು. ಸಂಜೆಯೊಳಗೆ ಮಂಚ, ಹಾಸಿಗೆ, ರೇಡಿಯೋ, ಚಪ್ಪಲಿ ಸಮೇತ ಅವರ ಗೃಹಪ್ರವೇಶವಾಯಿತು. ಮೂವರೂ ಓಡಾಡಿ ಸಾಮಾನು ಸಾಗಿಸಿದರು. ತಾಯಿಯೂ ಒಂದು ದಿಂಬು ತಂದುಕೊಟ್ಟರು. ಆರಾಮ ಕುರ್ಚಿ ಮತ್ತು ಮೇಜು ಮಾತ್ರ ಆ ಬಾಗಿಲಲ್ಲಿ ತೂರಲಿಲ್ಲ.

"ಇರಲಿ ಬಿಡಿ, ಇಲ್ಲೇ ಇರುತ್ತೆ, ಎಲ್ಲಿಗೆ ಹೋಗುತ್ತೆ?" ಎಂದಳು ಹೆಂಡತಿ, ಎಂದೂ ಇಲ್ಲದ ಮೃದುವಾದ ದನಿಯಲ್ಲಿ.

ಸೋಮವಾರ, ಮಂಗಳವಾರ, ಬುಧವಾರ ಸಾಹೇಬರು ಸ್ವರ್ಗದಲ್ಲಿದ್ದರು. ಬೆಳಿಗ್ಗೆ ಎಂಟೂವರೆಗೆ ಕಚೇರಿಗೆ ಹೊರಟರೆ ಮರಳುವುದು ಸಂಜೆ ಏಳಕ್ಕೆ. ಪಕ್ಕದ ಓಣಿಯಿಂದ ನೇರ ಹಿತ್ತಿಲಿಗೆ, ಅಲ್ಲಿಂದ ಕೋಣೆಗೆ. ಊಟಕ್ಕೆ ಅಡುಗೆಮನೆಯ ಹಿಂಬಾಗಿಲು. ಹಜಾರದ ಕಡೆ ತಲೆ ಹಾಕುವ ಅಗತ್ಯವೇ ಬೀಳಲಿಲ್ಲ. ಪೇಪರನ್ನು ಗಟ್ಟಿಯಾಗಿ ಓದಿದರು. ಬೇಡ ಅನ್ನುವವರಿಲ್ಲ. ರೇಡಿಯೋವನ್ನು ಬೈದರು. ಪಾಪ ಅನ್ನುವವರಿಲ್ಲ. ಆ ಸಂತೋಷವನ್ನು ಹಗಲಲ್ಲೂ ಪೂರ್ತಿಯಾಗಿ ಅನುಭವಿಸೋಣ, ನಿವೃತ್ತಿ ಜೀವನದ ರುಚಿ ನೋಡೋಣ ಎಂದು ಗುರುವಾರ ಒಂದು ದಿನ ರಜೆ ಹಾಕಿದರು.

ಗುರುವಾರ ಒಂಬತ್ತೂವರೆಗೆ, ತಿಂಡಿ ತಿಂದು ಮಂಚದ ಮೇಲೆ ಒರಗಿ ಪೇಪರ್ ಬಿಡಿಸಿದರು. ಮೊದಲ ಸಾಲು ಓದಿದ್ದರೋ ಇಲ್ಲವೋ, ಗೋಡೆಯೇ ಅರಚಿತು.

ಸಾಹೇಬರು ಮಂಚದಿಂದ ಎದ್ದು ನಿಂತರು. ಗೋಡೆ ನಿಲ್ಲಿಸಲಿಲ್ಲ. ಅದು ಆ ಕಡೆಯ ಬಡಗಿಯ ಕಾರ್ಖಾನೆಯ ಗರಗಸದ ಯಂತ್ರ. ಮರದ ದಿಮ್ಮಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸೀಳಿ, ಅರೆಗಳಿಗೆ ಉಸಿರು ತೆಗೆದುಕೊಂಡು, ಮತ್ತೆ ಇನ್ನೊಂದು ದಿಮ್ಮಿ. ಮೊಳೆಗೆ ತಗಲಿಸಿದ್ದ ಕನ್ನಡಿ ಗಡಗಡ ನಡುಗಿತು. ಮಂಚ ಅಂಗುಲ ಅಂಗುಲವಾಗಿ ಇಳಿಜಾರಿನ ಕಡೆ ಹೊರಟಿತು. ಸಾಹೇಬರು ಸೀನಿದರು. ಒಂಬತ್ತು ಸೀನೂ ಸೀನಿದರು. ಒಂದೂ ಅವರ ಕಿವಿಗೇ ಕೇಳಿಸಲಿಲ್ಲ.

ಭಾನುವಾರ ಕಾರ್ಖಾನೆಗೆ ರಜೆ. ಸಂಜೆ ಆರಕ್ಕೆ ಬಾಗಿಲು ಬಂದ್. ಉಳಿದ ಹೊತ್ತಿನಲ್ಲಿ ಸಾಹೇಬರು ಕಚೇರಿಯಲ್ಲಿ. ಹೀಗಾಗಿ ಅವರ ಕಿವಿ, ಆ ಗರಗಸ ಎಂದೂ ಎದುರು ಬದುರಾಗಿರಲೇ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಪರೀಕ್ಷಕರಿಗೆಲ್ಲ ಅವರು ಹೇಳಿಕೊಡುತ್ತಿದ್ದ ಮೊದಲ ಪಾಠವೇ, 'ಅಂಗಡಿ ಮುಚ್ಚಿದ ದಿನ ಹೋಗಿ ನೋಡಿದರೆ ಎಲ್ಲ ತಕ್ಕಡಿಯೂ ನೆಟ್ಟಗೇ ಇರುತ್ತದೆ' ಎಂದು. ಆ ಪಾಠ ಈಗ ನೆನಪಾಗಿ, ಗರಗಸಕ್ಕಿಂತ ಜೋರಾಗಿ ಒಳಗೆ ಕೊಯ್ಯಿತು.

ಹತ್ತೂಕಾಲಿನವರೆಗೆ ತಡೆದುಕೊಂಡರು. (ಪೌರುಷಕ್ಕೆ ಇನ್ನೊಂದು ದಿಮ್ಮಿ ತಡೆದುಕೊಂಡರು.) ಆಮೇಲೆ ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡು, ತಮ್ಮ ಆರಾಮ ಕುರ್ಚಿಯನ್ನು ನೆನೆಯುತ್ತಾ ಹಜಾರಕ್ಕೆ ಬಂದರು. ಬಾಗಿಲಲ್ಲೇ ನಿಂತರು.

ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರ ಬಂದು ಕೂತಿತ್ತು. ಹೆಂಡತಿ ಕನ್ನಡಕವೂ ಇಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮೇಜಿನ ಮೇಲೆ ಈ ತುದಿಯಿಂದ ಆ ತುದಿಗೆ ಮಗಳ ಪುಸ್ತಕ, ಎಲುಬಿನ ಪಟ. ಅವಳಿಗೆ ಪರೀಕ್ಷೆಯ ಓದಿಗೆ ರಜೆ, ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಆರಾಮ ಕುರ್ಚಿಯಲ್ಲಿ ತಾಯಿ ಕಾಲು ಚಾಚಿ, ಬೀದಿ ನೋಡುತ್ತಾ, ಯಾರನ್ನೂ ಏನೂ ಕೇಳದೆ ಕೂತಿದ್ದರು. ಕೇಳುವ ಅಗತ್ಯ ಇರಲಿಲ್ಲ, ಎಲ್ಲ ಕಾಣುತ್ತಿತ್ತು. ಮೂವರ ನೆತ್ತಿಯ ಮೇಲೂ ಫ್ಯಾನು ಹದವಾಗಿ ತಿರುಗುತ್ತಿತ್ತು.

ಹಜಾರ ಎಷ್ಟು ಶಾಂತವಾಗಿತ್ತೆಂದರೆ ಸಾಹೇಬರಿಗೆ ಹೊಟ್ಟೆಕಿಚ್ಚಾಯಿತು.

"ಏನಪ್ಪಾ, ಇಲ್ಲಿ?" ಎಂದಳು ಮಗಳು.

"ಅಲ್ಲಿ ಗರಗಸ!"

"ಹನ್ನೊಂದು ವರ್ಷದಿಂದ ಇದೆ ಕಣೋ ಅದು," ಎಂದರು ತಾಯಿ, ಬೀದಿಯಿಂದ ಕಣ್ಣು ತೆಗೆಯದೆ.

"ಮತ್ತೆ ಆ ಗಡಿಯಾರದವನು ಹೇಗಿದ್ದ?"

"ಅವನಿಗೆ ಕಿವಿ ಎಲ್ಲಿ ಕೇಳ್ತಿತ್ತು? ಗಡಿಯಾರ ನಡೀತಿದ್ಯೋ ನಿಂತಿದ್ಯೋ ಅಂತ ಹಲ್ಲಲ್ಲಿ ಕಚ್ಚಿ ನೋಡ್ತಿದ್ದ."

"ಒಬ್ಬರಾದ್ರೂ ನನಗೆ ಹೇಳಬಾರದಿತ್ತಾ?" ಎಂದು ಸಾಹೇಬರು ಹೆಂಡತಿಯ ಕಡೆ ತಿರುಗಿದರು.

"ನೀವು ಕೇಳಿದ್ದೇನು? ನಮ್ಮಲ್ಲಿ ಯಾರು ಎಷ್ಟು ಸದ್ದು ಮಾಡ್ತೀವಿ ಅಂತ. ಕೋಣೆ ಎಷ್ಟು ಸದ್ದು ಮಾಡುತ್ತೆ ಅಂತ ಕೇಳಿದ್ರಾ? ಆ ಕೋಣೆ ಬೇಕಾ ಅಂತಾದ್ರೂ ನಮ್ಮನ್ನ ಕೇಳಿದ್ರಾ?"

"ನಿಮಗೆ ಬೇಡವಾಗಿತ್ತಾ?"

"ಕತ್ತಲೆ ಕೋಣೆಲಿ ಹೊಲೀಲಾ ನಾನು? ಈ ಕಿಟಕಿ ಮೇಲೆ ಕಣ್ಣಿಟ್ಟು ಹತ್ತು ವರ್ಷ ಆಯ್ತು."

"ನನಗೆ ಈ ಮೇಜು," ಎಂದಳು ಮಗಳು.

"ನನಗೆ ಇದು," ಎಂದು ತಾಯಿ ಕುರ್ಚಿಯ ಕೈ ತಟ್ಟಿದರು.

ಸಾಹೇಬರು ಹೊಸ್ತಿಲ ಮೇಲೆ ನಿಂತು ಯೋಚಿಸಿದರು. ನಾಲ್ಕು ಗುಣ ಬರೆದಿದ್ದರು, ನೂರು ಗುಂಡಿ ಎಣಿಸಿದ್ದರು, ಗುಣಾಕಾರದಲ್ಲಿ ಒಂದು ಅಂಕಿ ತಪ್ಪಿರಲಿಲ್ಲ. ಆದರೆ ಮನೆಯಲ್ಲಿ ಹಂಚುವ ಜಾಗಗಳು ಯಾವುವು ಎಂದು ಲೆಕ್ಕ ಹಾಕುವಾಗ ತಮ್ಮದನ್ನೇ ಬಿಟ್ಟುಬಿಟ್ಟಿದ್ದರು. ಮನೆಯವರಿಗೆಲ್ಲ ಬೇಕಾಗಿದ್ದದ್ದು ಅವರು ಕೂರುತ್ತಿದ್ದ ಜಾಗ, ಯಾರಿಗೂ ಬೇಡವಾಗಿದ್ದ ಜಾಗಕ್ಕೆ ಅವರು ಒಂಬೈನೂರ ನಲವತ್ತಮೂರು ಅಂಕ ಗಳಿಸಿದ್ದರು. ಅದೂ ಸೀನು ಸೇರಿಸಿ.

"ಹಾಗಾದ್ರೆ ಈ ಹಜಾರಕ್ಕೆ ಇನ್ನೊಂದು ಪಟ್ಟಿ ಮಾಡೋಣ," ಎಂದರು.

"ಮಾಡೋಣ," ಎಂದರು ತಾಯಿ ಕೂಡಲೇ. "ಇಲ್ಲೂ ಸದ್ದಿಗೇ ಗುಂಡಿ ಹಾಕ್ತೀನಿ ನಾನು. ಈ ಸಲ ಕಡಿಮೆ ಸದ್ದಿಗೆ ಹೆಚ್ಚು ಅಂಕ."

ಸಾಹೇಬರು ಮನಸ್ಸಿನಲ್ಲೇ ಗುಣಿಸಿ ನೋಡಿದರು. ಪಟ್ಟಿಯ ಮಾತು ಬಿಟ್ಟರು.

"ನಾನೆಲ್ಲಿ ಕೂರಲಿ?" ಎಂದರು ಹೆಂಡತಿಗೆ. ಆ ದನಿ ಅಂಗಡಿಯವರು ಯಾರೂ ಕೇಳಿರದ ದನಿ.

ಹೆಂಡತಿ ಯಂತ್ರ ನಿಲ್ಲಿಸಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕಾಲಿನಿಂದಲೇ ಒಂದು ಚಿಕ್ಕ ಮಣೆಯನ್ನು ಯಂತ್ರದ ಪಕ್ಕಕ್ಕೆ ನೂಕಿದಳು. ಫ್ಯಾನಿನ ಗಾಳಿಯ ಅಂಚು ಅಲ್ಲಿಗೂ ತಾಗುತ್ತಿತ್ತು. "ಇಲ್ಲಿ ಕೂತ್ಕೊಳ್ಳಿ. ಈ ಪರದೆಯ ಒಂದು ತುದಿ ಹಿಡ್ಕೊಳ್ಳಿ. ಎಳೀಬೇಡಿ, ಬಿಡಲೂಬೇಡಿ. ಪೇಪರ್ ಆಮೇಲೆ."

ಸಾಹೇಬರು ಕೂತು ಹಿಡಿದುಕೊಂಡರು. ಎಳೆಯಲಿಲ್ಲ, ಬಿಡಲಿಲ್ಲ. ಮೂವತ್ತಮೂರು ವರ್ಷ ಅಳತೆಯ ಕೋಲು ಹಿಡಿದ ಕೈ, ಅಂಚು ಒಂದು ನೂಲೂ ಓರೆಯಾಗದಂತೆ ನೋಡಿಕೊಂಡಿತು. ಅರ್ಧ ಗಂಟೆಯಲ್ಲಿ ಎರಡು ಪರದೆ ಮುಗಿದವು. ಹೆಂಡತಿ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು. ಮೂರನೆಯದನ್ನೂ ಅವರ ಕೈಗೇ ಕೊಟ್ಟಳು.

ಆ ಹೊತ್ತಿಗೆ ಪರದೆ ಹೊಲಿಯಲು ಬಟ್ಟೆ ಕೊಟ್ಟಿದ್ದ ಶಾಲೆಯ ಟೀಚರಮ್ಮ ಬಂದರು. ಈ ಬೀದಿಗೆ ಹೊಸಬರು. ಮಣೆಯ ಮೇಲಿನ ಮೀಸೆಯನ್ನು ಕುತೂಹಲದಿಂದ ನೋಡಿದರು.

"ಕೆಲಸಕ್ಕೆ ಹೊಸದಾಗಿ ಇಟ್ಕೊಂಡ್ರಾ ಇವರನ್ನ?"

"ತಾತ್ಕಾಲಿಕವಾಗಿ," ಎಂದಳು ಹೆಂಡತಿ, ದಾರ ಕಡಿಯುತ್ತಾ. "ಕೈ ಪರವಾಗಿಲ್ಲ. ಬಾಯಿ ನೋಡ್ಬೇಕು. ಮುಂದಿನ ತಿಂಗಳ ಕೊನೆವರೆಗೂ ಸುಮ್ಮನಿದ್ರೆ ಕಾಯಂ ಮಾಡ್ತೀನಿ."

ತಾವು ಯಾರು, ತಮ್ಮ ಹುದ್ದೆ ಏನು, ಈ ಕುರ್ಚಿ ಮೇಜು ಫ್ಯಾನು ಯಾರವು ಎಂದು ಟೀಚರಮ್ಮನಿಗೆ ತಿಳಿಸಲು ತಕ್ಕಡಿ ಸಾಹೇಬರು ಗಟ್ಟಿಯಾಗಿ ಉಸಿರೆಳೆದುಕೊಂಡರು. ಹಿತ್ತಿಲ ಕಡೆ ಗರಗಸ ಇನ್ನೊಂದು ದಿಮ್ಮಿಗೆ ಹಲ್ಲು ಹಾಕಿತು. ಸಾಹೇಬರು ಎಳೆದುಕೊಂಡ ಉಸಿರನ್ನು ಸದ್ದಾಗದಂತೆ, ಸ್ವಲ್ಪ ಸ್ವಲ್ಪವಾಗಿ, ಮೂಗಿನಿಂದ ಹೊರಗೆ ಬಿಟ್ಟರು.